ಮುಡಬಿಯ ದಾರಿ, ಅತ್ತೆಯ ನಡಿಗೆ

ಬೀದರಿನಿಂದ ಹೊರಟ ರೈಲು ನಮ್ಮನ್ನು ಹುಮನಾಬಾದಿನಲ್ಲಿ ಇಳಿಸಿದಾಗ ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಬೀದರ–ಕಲಬುರಗಿ ರೈಲುಮಾರ್ಗ ಪೂರ್ತಿಯಾಗಿ ತೆರೆದದ್ದು 2017ರ ಅಕ್ಟೋಬರಿನಲ್ಲಿ. ಅದಕ್ಕೂ ಮೊದಲು ಈ ಭಾಗದವರಿಗೆ ಪ್ರಯಾಣವೆಂದರೆ ಬಸ್ಸು, ಇಲ್ಲವೇ ಹೆದ್ದಾರಿಯಲ್ಲಿ ಕೈ ಮಾಡಿದರೆ ನಿಲ್ಲುವ ಲಾರಿ. ಎಳ್ಳಾಮಾಸಿಗೆ ಬರಲೇಬೇಕೆಂದು ಮುಡಬಿಯ ಸೋದರತ್ತೆ ಫೋನಿನಲ್ಲಿ ಗದರಿಸಿದ್ದಳು. ನನ್ನ ಜೊತೆ ಮಗಳೂ ಇದ್ದಳು. ಅವಳು ಫಿಸಿಯೋಥೆರಪಿ ಓದಿ ಮುಗಿಸಿ ಎರಡು ವರ್ಷವಾಗಿದೆ.

ನೇರವಾಗಿ ಮುಡಬಿಗೆ ಹೋಗಬಹುದಿತ್ತು. ಆದರೆ ಹುಮನಾಬಾದಿಗೆ ಬಂದವರು ಜಲಸಂಗಿಯನ್ನು ನೋಡದೆ ಹೋದರೆ ಏನೋ ಬಾಕಿ ಉಳಿದಂತೆ. ಮಾಣಿಕನಗರದ ಮಾಣಿಕಪ್ರಭುವಿಗೆ ದೂರದಿಂದಲೇ ಕೈಮುಗಿದು, ಆಟೋ ಹಿಡಿದು ಆ ಚಿಕ್ಕ ಊರಿಗೆ ಹೋದೆವು. ಕಲ್ಯಾಣದ ಚಾಲುಕ್ಯರ ಕಾಲದ ಗುಡಿ. ಹೊರಗೋಡೆಯ ತುಂಬ ಮದನಿಕೆಯರು. ಅವರಲ್ಲೊಬ್ಬಳು ಕಲ್ಲಿನ ಮೇಲೆ ಅಕ್ಷರ ಬರೆಯುತ್ತ ನಿಂತಿದ್ದಾಳೆ. ಅವಳು ಬರೆದದ್ದು ಆರನೆಯ ವಿಕ್ರಮಾದಿತ್ಯನ ಹೊಗಳಿಕೆ. 1076ರಿಂದ 1126ರವರೆಗೆ ಆಳಿದ ಆ ದೊರೆಯ ರಾಜಧಾನಿ ಇಲ್ಲಿಗೆ ಹತ್ತಿರದ ಕಲ್ಯಾಣ, ಅಂದರೆ ಇಂದಿನ ಬಸವಕಲ್ಯಾಣ. ಓದು ಬರಹ ಬಲ್ಲ ಹೆಣ್ಣೊಬ್ಬಳನ್ನು ಒಂಬೈನೂರು ವರ್ಷದ ಹಿಂದೆ ಗುಡಿಯ ಗೋಡೆಯಲ್ಲಿ ನಿಲ್ಲಿಸಿದ ಶಿಲ್ಪಿಗೆ ಶರಣೆನ್ನಬೇಕು.

ನಾನು ಅಕ್ಷರ ನೋಡುತ್ತಿದ್ದರೆ ಮಗಳು ಮದನಿಕೆಯ ಟೊಂಕ ನೋಡುತ್ತಿದ್ದಳು. "ಅಪ್ಪಾ, ಇವರೆಲ್ಲ ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತಾರ. ಟೊಂಕ ಎಷ್ಟು ಕೊಂಕಿದರೂ ಕೀಲು ಮಾತ್ರ ಕೀಲಿನಾಗೇ ಅದ. ಆಯಿದು ಹಂಗಿಲ್ಲ" ಅಂದಳು. ಆಯಿ ಎಂದರೆ ನನ್ನ ಅತ್ತೆ. ಈ ಕಡೆ ಅಜ್ಜಿಯನ್ನು ಹಾಗೆಯೇ ಕರೆಯುವುದು. ಇದು ಆ ಆಯಿಯ ಟೊಂಕದ ಕಥೆ.

ಬಸವಕಲ್ಯಾಣಕ್ಕೆ ಬಂದು ಬಸ್ಸು ಬದಲಿಸಿದೆವು. ಮುಡಬಿ ಈ ತಾಲ್ಲೂಕಿನ ಒಂದು ಹೋಬಳಿಯ ಊರು. ದಾರಿಯ ಎರಡೂ ಬದಿಗೆ ಕೆಲವು ಕಡೆ ಕರಿ ಎರೆ, ಕೆಲವು ಕಡೆ ಬೀದರ ಸೀಮೆಗೇ ವಿಶಿಷ್ಟವಾದ ಕೆಂಪು ಜಂಬಿಟ್ಟಿಗೆಯ ನೆಲ. ಸೋಯಾ ರಾಶಿ ಮುಗಿದು ಹೊಲ ಬಯಲಾಗಿತ್ತು. ತೊಗರಿ ಕಾಯಿ ಕಟ್ಟಿ ನಿಂತಿತ್ತು, ಜೋಳ ಮೊಣಕಾಲೆತ್ತರ ದಾಟಿತ್ತು. ಬಸ್ಸಿನ ತುಂಬ ತವರಿಗೆ ಹೊರಟ ಹೆಣ್ಣುಮಕ್ಕಳು. 2023ರ ಜೂನಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲದ ಪ್ರಯಾಣ ಬಂದ ಮೇಲೆ ಹಬ್ಬದ ಬಸ್ಸುಗಳಲ್ಲಿ ಗಂಡಸರಿಗೆ ನಿಲ್ಲಲು ಜಾಗ ಸಿಕ್ಕರೆ ಪುಣ್ಯ. ನಾನು ನಿಂತೇ ಹೋದೆ.

ಎಳ್ಳ ಅಮಾವಾಸ್ಯೆಯ ಊಟದ ಬಗ್ಗೆ ಬರೆಯಹೊರಟರೆ ಪುಟ ಸಾಲದು. ಸಜ್ಜೆ ರೊಟ್ಟಿ, ಸಜ್ಜೆ ಕಡಬು, ಹಸಿ ಕಾಳು ಸೊಪ್ಪು ಎಲ್ಲ ಕೂಡಿಸಿ ಬೇಯಿಸಿದ ಭಜ್ಜಿ, ಮಡಕೆಯಲ್ಲಿ ಹುಳಿತ ಅಂಬಲಿ. ಎಲ್ಲವನ್ನೂ ಹೊತ್ತು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿ ಅಲ್ಲೇ ಉಣ್ಣುವುದು. ಎರಡು ವರ್ಷದ ಹಿಂದೆ ಇದೇ ಹಬ್ಬಕ್ಕೆ ಬಂದಿದ್ದಾಗ ಅತ್ತೆ ತಲೆಯ ಮೇಲೆ ಅಂಬಲಿಯ ಗಡಿಗೆ ಇಟ್ಟುಕೊಂಡು ಬದುವಿನ ಮೇಲೆ ನಡೆಯುತ್ತಿದ್ದಳು. ಹಿಂದೆ ಬರುತ್ತಿದ್ದ ಮಗಳು ಹೆಜ್ಜೆ ನಿಲ್ಲಿಸಿ ನನ್ನ ತೋಳು ಹಿಡಿದಳು. ಎಡಗಾಲು ಊರಿದಾಗಲೆಲ್ಲ ಅತ್ತೆಯ ಬಲಗಡೆಯ ಟೊಂಕ ಕೆಳಕ್ಕೆ ಜಾರುತ್ತಿತ್ತು, ಅದನ್ನು ಸರಿದೂಗಿಸಲು ಇಡೀ ಮೈ ಎಡಕ್ಕೆ ವಾಲುತ್ತಿತ್ತು. ಗಡಿಗೆಯಿಂದ ಒಂದು ಹನಿಯೂ ಚೆಲ್ಲಲಿಲ್ಲ. ನಾನು ಹುಟ್ಟಿದಾಗಿನಿಂದ ಕಂಡ ನಡಿಗೆ ಅದು. ಅತ್ತೆ ಎಂದರೆ ಹಾಗೆ ನಡೆಯುವವಳು ಎಂದಷ್ಟೇ ನನಗೆ ಗೊತ್ತಿತ್ತು. ಅದಕ್ಕೊಂದು ಹೆಸರಿದೆ, ಕಾರಣವಿದೆ ಎಂದು ಯಾರೂ ಹೇಳಿರಲಿಲ್ಲ; ನಾವೂ ಕೇಳಿರಲಿಲ್ಲ.

ಅಂದು ಸಂಜೆ ಮಗಳು ಅತ್ತೆಯನ್ನು ಗೋಡೆಯ ಹತ್ತಿರ ನಿಲ್ಲಿಸಿ, ಒಂದೊಂದೇ ಕಾಲಿನ ಮೇಲೆ ನಿಲ್ಲಿಸಿ ನೋಡಿದಳು. ಈ ಪರೀಕ್ಷೆಯನ್ನು 1895ರಲ್ಲಿ ವಿವರಿಸಿದವನು ಟ್ರೆಂಡೆಲೆನ್‌ಬರ್ಗ್ ಎಂಬ ಜರ್ಮನ್ ಶಸ್ತ್ರವೈದ್ಯ. ಸರಿಯಾದ ಕಾಲಿನ ಮೇಲೆ ನಿಂತರೆ ಎದುರು ಬದಿಯ ಟೊಂಕ ಮಟ್ಟಸವಾಗಿಯೇ ಇರುತ್ತದೆ. ಕೆಟ್ಟ ಕಾಲಿನ ಮೇಲೆ ನಿಂತರೆ ಕುಸಿಯುತ್ತದೆ. ಅತ್ತೆಯದು ಕುಸಿಯಿತು. ಆಮೇಲೆ ಮಲಗಿಸಿ ಮಂಡಿ ಮಡಿಚಿಸಿದಾಗ ಎಡಮಂಡಿ ಬಲಮಂಡಿಗಿಂತ ಎರಡು ಬೆರಳು ಕೆಳಗೆ ಕಂಡಿತು. "ಆಯಿ, ನೀ ಹುಟ್ಟಿದಾಗ ಏನಾರ ತ್ರಾಸ ಆಗಿತ್ತೇನ?" ಎಂದು ಅವಳು ಕೇಳಿದ್ದಕ್ಕೆ ಅತ್ತೆ ಜೋರಾಗಿ ನಕ್ಕಳು.

"ಊರಿಗೇ ಗೊತ್ತಿದ್ದ ಮಾತು ಕೇಳತಿಯಲ್ಲ! ನಾ ಕಾಲ ಮುಂದಾಗಿ ಹುಟ್ಟಿದಾಕಿ. ಮಂದಿ ಟೊಂಕ ಹಿಡದರ ಯಾರ ಬಲ್ಲಿ ಬರ್ತಾರ ಅಂತ ಮಾಡಿ?"

ನಮ್ಮ ಹಳ್ಳಿಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ತಲೆಯ ಬದಲು ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಹಿಡಿದ ಟೊಂಕ ಬಿಡುತ್ತದೆ ಎಂಬ ನಂಬಿಕೆ ಇದೆ. ಭಾರ ಎತ್ತಿ ಟೊಂಕ ಉಳುಕಿಸಿಕೊಂಡವರು ಅಂಥವರ ಮನೆ ಬಾಗಿಲಿಗೆ ಬಂದು ಬಗ್ಗಿ ನಿಲ್ಲುತ್ತಾರೆ. ಒದೆಯಿಂದ ನೋವು ಹೋಗುತ್ತದೋ, ಎರಡು ದಿನದಲ್ಲಿ ತಾನಾಗಿಯೇ ಹೋಗುವ ನೋವಿನ ಯಶಸ್ಸು ಒದೆಗೆ ಸಲ್ಲುತ್ತದೋ, ನಾನು ಎರಡನೆಯದರ ಪರ. ಆದರೆ ಮಗಳು ಆ ರಾತ್ರಿ ಹೇಳಿದ ಮಾತು ನನ್ನನ್ನು ಬಹಳ ಹೊತ್ತು ನಿದ್ದೆ ಮಾಡಗೊಡಲಿಲ್ಲ. ಹುಟ್ಟಿನಿಂದ ಸೊಂಟದ ಕೀಲು ತಪ್ಪುವ ತೊಂದರೆ ಯಾರಿಗೆ ಹೆಚ್ಚು ಎಂದರೆ, ಗರ್ಭದಲ್ಲಿ ಕುಂಡಿಯೋ ಕಾಲೋ ಮುಂದಾಗಿದ್ದ ಕೂಸುಗಳಿಗೆ, ಹುಡುಗರಿಗಿಂತ ನಾಲ್ಕೈದು ಪಟ್ಟು ಹೆಚ್ಚಾಗಿ ಹೆಣ್ಣು ಕೂಸುಗಳಿಗೆ, ಚೊಚ್ಚಲ ಕೂಸುಗಳಿಗೆ, ಮನೆತನದಲ್ಲಿ ಮೊದಲೇ ಯಾರಿಗಾದರೂ ಇದ್ದರೆ ಅಂಥವರಿಗೆ. ಬಲಕ್ಕಿಂತ ಎಡಗಡೆಯ ಕೀಲಿಗೆ ಜಾಸ್ತಿ. ಅತ್ತೆ ಹೆಣ್ಣು, ಚೊಚ್ಚಲು, ಕಾಲು ಮುಂದು, ಎಡಗಾಲು. ಯಾರು ಕಾಲು ಮುಂದಾಗಿ ಹುಟ್ಟಿದವರು ಎಂಬ ಲೆಕ್ಕವನ್ನು ಊರು ಅರವತ್ತು ವರ್ಷ ತಪ್ಪದೆ ಇಟ್ಟಿತ್ತು. ತನ್ನ ಟೊಂಕ ತೋರಿಸಲು ಅವಳ ಬಾಗಿಲಿಗೆ ಬಂದ ಊರು ಅವಳ ಟೊಂಕವನ್ನು ಒಮ್ಮೆಯೂ ನೋಡಲಿಲ್ಲ.

ಕಲಬುರಗಿಯಲ್ಲಿ ಎಕ್ಸ್‌ರೇ ತೆಗೆಸಿದೆವು. ಸೊಂಟದ ಕೀಲು ಎಂದರೆ ಒರಳಿನಲ್ಲಿ ಗುಂಡು ಕೂತ ಹಾಗೆ. ಸೊಂಟದ ಎಲುಬಿನಲ್ಲಿ ಒಂದು ಬಟ್ಟಲು, ತೊಡೆಯೆಲುಬಿನ ತುದಿಯಲ್ಲಿ ಒಂದು ಗುಂಡು. ಅತ್ತೆಯ ಎಡಗಡೆಯ ಗುಂಡು ಬಟ್ಟಲಿನಲ್ಲಿ ಇರಲೇ ಇಲ್ಲ. ಮೇಲಕ್ಕೆ ಸರಿದು, ಸೊಂಟದ ಎಲುಬಿನ ಹೊರಮೈಯನ್ನು ವರ್ಷಾನುವರ್ಷ ಸವೆಸಿ, ಅಲ್ಲಿ ತನಗೊಂದು ಗೂಡು ಮಾಡಿಕೊಂಡಿತ್ತು. ನಿಜವಾದ ಬಟ್ಟಲು ಗುಂಡನ್ನೇ ಕಾಣದೆ ಕಿರಿದಾಗಿ ಉಳಿದಿತ್ತು.

ಹುಟ್ಟಿದ ಕೂಸಿನ ಬಟ್ಟಲು ಬಹುಪಾಲು ಮೃದ್ವಸ್ಥಿ. ಗುಂಡು ಅದರೊಳಗೆ ಕೂತು ಒತ್ತುತ್ತಿದ್ದರೆ ಮಾತ್ರ ಅದು ಆಳವಾಗಿ, ದುಂಡಗೆ ಬೆಳೆಯುತ್ತದೆ. ಗುಂಡು ಹೊರಗಿದ್ದರೆ ಬಟ್ಟಲು ಚಪ್ಪಟೆಯಾಗುತ್ತದೆ. ಆದ್ದರಿಂದ ಮೊದಲ ಆರು ತಿಂಗಳೊಳಗೆ ಕಂಡುಹಿಡಿದರೆ ಬಟ್ಟೆಯ ಪಟ್ಟಿಗಳ ಒಂದು ಬೆಲ್ಟು ಸಾಕು. ಚೆಕ್ ವೈದ್ಯ ಆರ್ನಾಲ್ಡ್ ಪಾವ್ಲಿಕ್ 1940ರ ದಶಕದಲ್ಲಿ ರೂಪಿಸಿದ ಅದು ಕೂಸಿನ ತೊಡೆಗಳನ್ನು ಮಡಿಚಿ ಅಗಲಿಸಿ ಹಿಡಿಯುತ್ತದೆ. ಗುಂಡು ತಾನಾಗಿ ಬಟ್ಟಲಿಗೆ ಬರುತ್ತದೆ. ವರ್ಷದ ಆಸುಪಾಸಿನಲ್ಲಿ ತಿಳಿದರೆ ಅರಿವಳಿಕೆ ಕೊಟ್ಟು ಕೂರಿಸಿ ಪ್ಲಾಸ್ಟರ್ ಹಾಕಬೇಕು. ನಡೆಯಲು ಕಲಿತ ಮೇಲಾದರೆ ಬಹುತೇಕ ಶಸ್ತ್ರಚಿಕಿತ್ಸೆಯೇ. ಏಳೆಂಟು ವರ್ಷ ದಾಟಿತೆಂದರೆ ಮೂಳೆವೈದ್ಯರು ಕೈಹಾಕಲು ಹತ್ತು ಸಲ ಯೋಚಿಸುತ್ತಾರೆ. ಒಂದು ವಾರದ ಕೂಸಿಗೂ ಒಂದು ವರ್ಷದ ಮಗುವಿಗೂ ನಡುವೆ ಇರುವ ಈ ವ್ಯತ್ಯಾಸ ತಂದೆತಾಯಂದಿರಿಗೆ ಗೊತ್ತಿರಬೇಕಾದದ್ದು.

ಅತ್ತೆಗೆ ಏನು ಮಾಡಿದ್ದರು? ನಡೆಯುವಾಗ ವಾಲುತ್ತಾಳೆ ಎಂದು ತಿಳಿದದ್ದು ಒಂದೂವರೆ ವರ್ಷಕ್ಕೆ. ಕಾಲು ಉಳುಕಿದೆ ಎಂದು ಎಲುಬು ಕೂಡಿಸುವವನೊಬ್ಬನ ಹತ್ತಿರ ಒಯ್ದರು. ಅವನು ಎಣ್ಣೆ ಹಚ್ಚಿ ಎಳೆದ, ಕಟ್ಟು ಹಾಕಿದ. ಕೂಸು ಮೂರು ರಾತ್ರಿ ಅತ್ತಿತೆಂದು ನನ್ನ ಅಜ್ಜಿ ಹೇಳುತ್ತಿದ್ದಳು. ಹೀಗೆ ಬಲವಂತದಿಂದ ಎಳೆದರೆ ಗುಂಡಿಗೆ ಹೋಗುವ ರಕ್ತನಾಳಗಳು ಒತ್ತಿಹೋಗಿ ಎಲುಬು ಸಾಯಬಹುದು ಎಂಬುದು ಈಗ ಗೊತ್ತು. ನಾಲ್ಕನೆಯ ಇಯತ್ತೆಯವರೆಗೆ ಶಾಲೆ. ಮನೆಗೆ ಬರುವಾಗ ಹುಡುಗರು ಸಾಲಾಗಿ ಹಿಂದೆ ನಿಂತು ಅವಳಂತೆಯೇ ವಾಲಾಡುತ್ತ ನಡೆದು ತೋರಿಸುತ್ತಿದ್ದರಂತೆ. ಐದನೆಯದಕ್ಕೆ ಅವಳು ಹೋಗಲೇ ಇಲ್ಲ. ಎಂಟರ ಮಗ್ಗಿಯವರೆಗೆ ಬರುತ್ತದೆ, ಒಂಬತ್ತರದು ಮುಂದಿನ ವರ್ಷ ಕಲಿಸುತ್ತೇವೆ ಅಂದಿದ್ದರು ಎಂದು ಅವಳು ಈಗಲೂ ಹೇಳುತ್ತಾಳೆ. ಮದುವೆಗೆ ಬಂದ ಸಂಬಂಧಗಳು ಅಂಗಳದಲ್ಲಿ ಅವಳು ನಾಲ್ಕು ಹೆಜ್ಜೆ ಇಟ್ಟೊಡನೆ ವಾಪಸು ಹೋಗುತ್ತಿದ್ದವು. ಕೊನೆಗೆ ಹೆಂಡತಿ ತೀರಿಕೊಂಡಿದ್ದ ಮುಡಬಿಯ ಒಬ್ಬರಿಗೆ ಕೊಟ್ಟರು. ಒಳ್ಳೆಯ ಮನುಷ್ಯ, ಅದು ಅವಳ ಪುಣ್ಯ. ಮೂರು ಮಕ್ಕಳನ್ನು ಹೆತ್ತಳು. ಕೀಲು ತಪ್ಪಿದ ಹೆಣ್ಣಿಗೆ ಮಕ್ಕಳಾಗುವುದಿಲ್ಲ ಎಂಬ ಮಾತು ಆಗ ಎಷ್ಟು ಸುಳ್ಳಾಗಿತ್ತೋ ಈಗಲೂ ಅಷ್ಟೇ ಸುಳ್ಳು.

ನೋವು ಶುರುವಾದದ್ದು ನಲವತ್ತರ ಮೇಲೆ. ಗೂಡು ಸವೆಯತೊಡಗಿತ್ತು, ವಾಲಿ ವಾಲಿ ನಡು ಸೋತಿತ್ತು, ಎಡಮಂಡಿ ಒಳಕ್ಕೆ ಬಾಗಿತ್ತು. ಸಂತೆಯ ಊರಿನ ಒಬ್ಬ ಡಾಕ್ಟರು ವಾಯು ಎಂದು ಹೇಳಿ ಹತ್ತು ವರ್ಷ ಸೂಜಿ, ಗುಳಿಗೆ ಕೊಟ್ಟರು. ಎಕ್ಸ್‌ರೇ ಒಂದನ್ನೂ ಬರೆಯಲಿಲ್ಲ.

ಕಲಬುರಗಿಯ ಮೂಳೆವೈದ್ಯರು ನೇರ ಮಾತಿನವರು. ಕೀಲು ಬದಲಿಸುವ ಶಸ್ತ್ರಚಿಕಿತ್ಸೆ ಮಾಡಬಹುದು, ಆದರೆ ಇಷ್ಟು ಮೇಲೆ ಸರಿದ ಗುಂಡನ್ನು ಒಮ್ಮೆಲೇ ಕೆಳಗೆ ಎಳೆದರೆ ಕಾಲಿನ ನರಕ್ಕೆ ಪೆಟ್ಟಾಗುವ ಭಯವಿದೆ; ಸುಲಭದ ಕೆಲಸವಲ್ಲ; ನೋವು ತಡೆಯದ ದಿನ ಬರಲಿ, ಅಲ್ಲಿಯವರೆಗೆ ವ್ಯಾಯಾಮ ಎಂದರು. ಅತ್ತೆ ನನ್ನ ಮಗಳನ್ನು ಕೇಳಿದ್ದು ಒಂದೇ ಪ್ರಶ್ನೆ: "ನೀ ಹೇಳಿದಂಗ ಮಾಡಿದರ ನಾ ನೆಟ್ಟಗ ನಡೀತೀನೇನ?"

"ಇಲ್ಲ ಆಯಿ" ಅಂದಳು ಮಗಳು. "ಗುಂಡು ತಿರುಗಿ ಕೂಡಂಗಿಲ್ಲ. ನೀ ವಾಲೂದು ಪೂರಾ ನಿಲ್ಲಂಗಿಲ್ಲ. ನಡುನೋವು ಕಡಿಮಿ ಆಗ್ತದ, ಹೊಲಕ್ಕ ಹೋಗಿ ಬರೂದು ಹಗುರ ಆಗ್ತದ. ಅಷ್ಟೇ."

ಮಗಳು ಇನ್ನಷ್ಟು ಆಸೆ ತೋರಿಸಬಾರದಿತ್ತೇ ಎಂದು ನನಗೆ ಆಗ ಅನ್ನಿಸಿತ್ತು. ಅತ್ತೆ ಮಾತ್ರ ತಲೆದೂಗಿದಳು. ಅಲ್ಲಿಯವರೆಗೆ ನೆಟ್ಟಗೆ ಮಾಡಿಕೊಡುತ್ತೇನೆಂದವರೆಲ್ಲ ಅವಳ ದುಡ್ಡು ತಿಂದಿದ್ದರು.

ವ್ಯಾಯಾಮ ಏನು ಮಾಡುತ್ತದೆ ಎಂಬುದಕ್ಕೆ ಹೈಸ್ಕೂಲಿನ ಸನ್ನೆಕೋಲಿನ ಪಾಠ ಸಾಕು. ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿಯಬಹುದು. ನಲವತ್ತೆಂಟು ಕಿಲೋ ತೂಕದ ಹೆಂಗಸು ಒಂದೇ ಕಾಲಿನ ಮೇಲೆ ನಿಂತಿದ್ದಾಳೆ. ಆ ಕಾಲಿನ ತೂಕ ಸುಮಾರು 8 ಕಿಲೋ ಬಿಟ್ಟರೆ ಉಳಿದ 40 ಕಿಲೋ ಕೀಲಿನಿಂದ ಸುಮಾರು 10 ಸೆಂಟಿಮೀಟರ್ ದೂರದಲ್ಲಿ ಕೆಳಕ್ಕೆ ಎಳೆಯುತ್ತದೆ. ಕೀಲಿನ ಈಚೆ ಬದಿಗೆ, ಸುಮಾರು 5 ಸೆಂಟಿಮೀಟರಿನಲ್ಲಿ, ಟೊಂಕದ ಪಕ್ಕದ ಸ್ನಾಯು ಅದನ್ನು ಎಳೆದು ಹಿಡಿಯಬೇಕು. ತಕ್ಕಡಿ ತೂಗಬೇಕಾದರೆ ಸ್ನಾಯು 80 ಕಿಲೋದಷ್ಟು ಎಳೆಯಬೇಕು. ಎರಡೂ ಕೂಡಿ ಕೀಲಿನ ಮೇಲೆ 120 ಕಿಲೋ, ಅಂದರೆ ಅವಳ ತೂಕದ ಎರಡೂವರೆ ಪಟ್ಟು. ಪ್ರತಿ ಹೆಜ್ಜೆಗೂ ಹೀಗೆ. ಅತ್ತೆಯಲ್ಲಿ ಗುಂಡು ಮೇಲೆ ಸರಿದಿರುವುದರಿಂದ ಆ ಸ್ನಾಯು ಸಡಿಲ ಬಿದ್ದ ಹಗ್ಗದಂತೆ, ಎಳೆದರೂ ಬಲವಿಲ್ಲ. ಟೊಂಕ ಕುಸಿಯುವುದು ಅದಕ್ಕೇ. ಎಲುಬಿನ ಜಾಗ ಬದಲಿಸಲಾಗದು, ಆದರೆ ಉಳಿದ ಸ್ನಾಯುವಿಗೆ ಬಲ ತುಂಬಬಹುದು. ಇನ್ನು ಕೋಲು. ಎಡಗಾಲು ಕೆಟ್ಟಿದ್ದರೆ ಕೋಲು ಬಲಗೈಯಲ್ಲಿ ಇರಬೇಕು. ಕೀಲಿನಿಂದ 40 ಸೆಂಟಿಮೀಟರ್ ದೂರದ ಆ ಕೋಲನ್ನು ಬರೀ 5 ಕಿಲೋ ಬಲದಿಂದ ಒತ್ತಿದರೆ ಸ್ನಾಯುವಿನ ಕೆಲಸ 80ರಿಂದ 40ಕ್ಕೆ ಇಳಿಯುತ್ತದೆ. ಕೀಲಿನ ಭಾರ 120ರಿಂದ 75ಕ್ಕೆ. ಅತ್ತೆ ಹತ್ತು ವರ್ಷದಿಂದ ಕೋಲು ಹಿಡಿದಿದ್ದಳು, ಎಡಗೈಯಲ್ಲಿ. ನೋವಿರುವ ಕಡೆಗೇ ಆಸರೆ ಎಂದು ಎಲ್ಲರಿಗೂ ಅನ್ನಿಸುವುದು ಸಹಜ. ಕೈ ಬದಲಿಸಿದ್ದಕ್ಕೆ ಒಂದು ಪೈಸೆಯೂ ಖರ್ಚಾಗಲಿಲ್ಲ.

ಉಳಿದದ್ದೂ ಮನೆಯ ಸಾಮಾನಿನಲ್ಲೇ ಆಯಿತು. ಹೊರಸಿನ ಮೇಲೆ ಬಲಮಗ್ಗುಲಾಗಿ ಮಲಗಿ, ಮಂಡಿ ಮಡಿಚಿ, ಪಾದ ಕೂಡಿಸಿ ಎಡಮಂಡಿಯನ್ನು ಮೇಲೆತ್ತುವುದು. ಅಂಗಾತ ಮಲಗಿ ಕುಂಡಿ ಎತ್ತಿ ಐದು ಎಣಿಸುವುದು. ಹೊಟ್ಟೆಯ ಮೇಲೆ ಹತ್ತು ನಿಮಿಷ ಬೋರಲು ಮಲಗುವುದು. ತೊಡೆಯ ಮುಂಭಾಗದ ಬಿಗಿ ಸಡಿಲಿಸಿ ನಡುವಿನ ಬಾಗು ಇಳಿಸಲು ಇದಕ್ಕಿಂತ ಸುಲಭದ್ದಿಲ್ಲ. ಗೋಡೆ ಹಿಡಿದು ಅಡ್ಡ ಹೆಜ್ಜೆ. ಕಾಲಿಗೆ ಕಟ್ಟಲು ಪೇಟೆಯ ರಬ್ಬರ್ ಪಟ್ಟಿಯ ಬದಲು ಹಳೆಯ ಸೈಕಲ್ ಟ್ಯೂಬು. ಎಡಗಾಲ ಕೆಳಗೆ ತೆಳು ಹಲಗೆ ಒಂದೊಂದೇ ಇಟ್ಟು, ಎಲ್ಲಿ ಅತ್ತೆಗೆ ಹಿತವೆನಿಸಿತೋ ಅಲ್ಲಿ ನಿಲ್ಲಿಸಿ, ಅಷ್ಟು ಎತ್ತರದ ಅಟ್ಟೆಯನ್ನು ಚಪ್ಪಲಿಗೆ ಹೊಲಿಸಿದರು. ಕಾಲು ಎಷ್ಟು ಗಿಡ್ಡವೋ ಅಷ್ಟನ್ನೂ ತುಂಬಬಾರದಂತೆ. ಅರವತ್ತು ವರ್ಷ ಕೊಂಕಿಗೆ ಹೊಂದಿಕೊಂಡ ಬೆನ್ನು ಒಮ್ಮೆಲೇ ನೆಟ್ಟಗಾದರೆ ಅದೇ ಹೊಸ ನೋವು. ನೆಲದಲ್ಲಿ ಕುಕ್ಕರಗಾಲಲ್ಲಿ ಕೂರುವುದು ಬಂದ್. ರೊಟ್ಟಿ ಬಡಿಯಲು ಒಲೆ ಕಟ್ಟೆಯ ಮೇಲೇರಿತು. ಇದಕ್ಕೆ ಮಾತ್ರ ಅತ್ತೆ ಎರಡು ತಿಂಗಳು ಒಪ್ಪಲಿಲ್ಲ. ನಿಂತು ಬಡಿದ ರೊಟ್ಟಿ ರೊಟ್ಟಿಯೇ ಅಲ್ಲವಂತೆ.

ಮೊದಲ ತಿಂಗಳು ಏನೂ ಆಗಲಿಲ್ಲ. "ನಿನ್ನ ಮಗಳ ಸಾಲಿ ಫೀಸು ದಂಡ" ಎಂದು ನನಗೆ ಫೋನು ಬಂತು. ಮೂರನೆಯ ತಿಂಗಳಿಗೆ ದಿನಕ್ಕೆರಡು ನುಂಗುತ್ತಿದ್ದ ನೋವಿನ ಗುಳಿಗೆ ವಾರಕ್ಕೆ ಎರಡಕ್ಕೆ ಬಂತು. ಸೋಯಾ ರಾಶಿಯ ಕಾಲದಲ್ಲಿ ಇಪ್ಪತ್ತು ದಿನ ಎಲ್ಲ ಬಿಟ್ಟಳು, ನೋವು ತಿರುಗಿ ಬಂತು, ಮತ್ತೆ ಹೊರಸು ಹತ್ತಿದಳು. ಈ ಎಳ್ಳಾಮಾಸಿಗೆ ಬದುವಿನ ಮೇಲೆ ಅವಳ ಹಿಂದೆ ನಡೆದಾಗ ನೋಡಿದೆ. ಬಲಗೈಯಲ್ಲಿ ಕೋಲು. ಗಡಿಗೆ ಸೊಸೆಯ ತಲೆಯ ಮೇಲೆ. ವಾಲುವುದು ಇದೆ, ಮೊದಲಿನಷ್ಟಿಲ್ಲ. ನಡುವೆ ಎಲ್ಲೂ ಕೂರದೆ ಹೊಲ ಮುಟ್ಟಿದಳು.

ಆದರೆ ಈ ಸಲ ಮನೆಯಲ್ಲಿ ದೊಡ್ಡ ಸುದ್ದಿ ಬೇರೆಯೇ ಇತ್ತು. ಅತ್ತೆಯ ಮೊಮ್ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹೆಣ್ಣು ಕೂಸು. ಕುಂಡಿ ಮುಂದಾಗಿತ್ತೆಂದು ಆಪರೇಷನ್ ಮಾಡಿ ತೆಗೆದಿದ್ದರು. ಇಪ್ಪತ್ತನಾಲ್ಕು ದಿನವಾಗಿತ್ತು. ಊರಿನಲ್ಲಿ ಆಗಲೇ ಮಾತು: ಆಯಿಯ ಕಾಲಿಗೆ ವಾರಸುದಾರಳು ಬಂದಳು ಎಂದು.

ಕೋಣೆಯಲ್ಲಿ ಕೂಸಿಗೆ ಎರೆದು ಮುಗಿಸಿದ್ದ ಮುದುಕಿ ಅದರ ಎರಡೂ ಕಾಲನ್ನು ಜೋಡಿಸಿ, ನೀಟಾಗಿ ಎಳೆದು, ಹಳೆ ಸೀರೆಯಲ್ಲಿ ಬಿಗಿಯಾಗಿ ಸುತ್ತುತ್ತಿದ್ದಳು. ಕಾಲು ಸೊಟ್ಟ ಆಗಬಾರದೆಂದು ತಲೆತಲಾಂತರದಿಂದ ಮಾಡಿಕೊಂಡು ಬಂದದ್ದು. ಮಗಳು ಬಾಯಿ ತೆರೆಯುವ ಮೊದಲೇ ಅತ್ತೆ ಬಾಗಿಲಲ್ಲಿ ನಿಂತು ಕೋಲು ಕುಟ್ಟಿದಳು.

"ಕಾಲ ಬಿಚ್ಚ ಯವ್ವಾ. ಬಿಚ್ಚು ಅಂದನಿ. ನನಗ ಸುತ್ತಿದ್ದು ಸಾಕು."

ನಮ್ಮ ಹೆಂಗಸರು ಕೂಸನ್ನು ಟೊಂಕದ ಮೇಲೆ ಕಾಲು ಅಗಲಿಸಿ ಕೂರಿಸಿಕೊಳ್ಳುವ ರೂಢಿ ಕೀಲಿಗೆ ಬಹಳ ಒಳ್ಳೆಯದು. ಆ ಬೆಲ್ಟು ತೊಡೆಗಳನ್ನು ಹೇಗೆ ಹಿಡಿಯುತ್ತದೋ ತಾಯಿಯ ಟೊಂಕವೂ ಹಾಗೆಯೇ ಹಿಡಿಯುತ್ತದೆ. ಕೂಸನ್ನು ಹೀಗೆ ಹೊರುವ ನಾಡುಗಳಲ್ಲಿ ಈ ತೊಂದರೆ ವಿರಳ, ಕಾಲು ನೀಟಾಗಿ ಬಿಗಿದು ಸುತ್ತುವ ಕಡೆ ಹೆಚ್ಚು ಎಂದು ವೈದ್ಯರು ಬಹುಕಾಲದಿಂದ ಗಮನಿಸಿದ್ದಾರೆ. ಜಪಾನಿನಲ್ಲಿ ನೂರು ಕೂಸಿಗೆ ಒಂದಕ್ಕಿಂತ ಹೆಚ್ಚು ಇದ್ದ ಈ ತೊಂದರೆ, 1970ರ ದಶಕದಲ್ಲಿ ಕಾಲು ನೀಟಾಗಿ ಸುತ್ತಬೇಡಿ ಎಂದು ದೇಶದ ತುಂಬ ಪ್ರಚಾರ ಮಾಡಿದ ಮೇಲೆ ಸಾವಿರಕ್ಕೆ ಎರಡರ ಹತ್ತಿರಕ್ಕೆ ಇಳಿಯಿತು. ಆದರೆ ನಾವು ಮರೆಯುವುದು ಒಂದಿದೆ. ಕುತ್ತಿಗೆ ನಿಲ್ಲುವವರೆಗೆ, ಅಂದರೆ ಮೂರು ನಾಲ್ಕು ತಿಂಗಳವರೆಗೆ, ಕೂಸು ಟೊಂಕಕ್ಕೆ ಏರುವುದಿಲ್ಲ. ಬಟ್ಟಲು ಮೆತ್ತಗಿರುವ ಆ ಮೊದಲ ತಿಂಗಳುಗಳಲ್ಲೇ ನಾವು ಎರೆಯುವಾಗ ಕಾಲು ಹಿಡಿದು ಎಳೆಯುವುದು, ಬಿಗಿಯಾಗಿ ಸುತ್ತುವುದು. ಮೈ ಸುತ್ತಬಾರದೆಂದಲ್ಲ, ಚಳಿಗೆ ಸುತ್ತಲೇಬೇಕು. ತೊಡೆಗಳು ಮಡಿಚಿ ಅಗಲಿಸಿಕೊಳ್ಳಲು ಕೆಳಗೆ ಸಡಿಲವಿರಬೇಕು.

ಮಗಳು ಕೂಸಿನ ತೊಡೆಯ ಮಡಿಕೆ ನೋಡಿದಳು, ಮಂಡಿಗಳ ಎತ್ತರ ನೋಡಿದಳು, ಕಾಲು ಅಗಲಿಸಿ ನೋಡಿದಳು. ಎಡಗಡೆ ಸ್ವಲ್ಪ ಬಿಗಿ ಎನಿಸಿತು. ಗುಂಡು ಜಾರುತ್ತದೋ ಎಂದು ಕೈಯಿಂದ ನೋಡುವ ಪರೀಕ್ಷೆಗಳಿವೆ. ಇಟಲಿಯ ಒರ್ಟೊಲಾನಿ ಎಂಬ ಮಕ್ಕಳ ವೈದ್ಯ 1937ರಲ್ಲಿ ಬರೆದದ್ದು ಒಂದು, ಇಂಗ್ಲೆಂಡಿನ ಬಾರ್ಲೋ 1962ರಲ್ಲಿ ಹೇಳಿದ್ದು ಇನ್ನೊಂದು. "ಅದನ್ನು ದಿನಾ ಮಾಡೋರು ಮಾಡಬೇಕು, ನಾ ಅಲ್ಲ" ಎಂದು ಅವಳು ಕೈ ತೆಗೆದಳು. ನನಗೆ ಅವಳ ಮೇಲೆ ಆ ದಿನ ಹೆಮ್ಮೆಯಾದದ್ದು ಆ ಮಾತಿಗೆ. ಕುಂಡಿ ಮುಂದಾಗಿದ್ದ ಕೂಸಿಗೆ, ಕೈಗೆ ಏನೂ ಸಿಗದಿದ್ದರೂ, ಆರು ವಾರಕ್ಕೆ ಅಲ್ಟ್ರಾಸೌಂಡ್ ಸ್ಕ್ಯಾನ್ ಆಗಬೇಕು. ಆ ವಯಸ್ಸಿನಲ್ಲಿ ಗುಂಡು ಇನ್ನೂ ಎಲುಬಾಗಿರುವುದಿಲ್ಲ, ಎಕ್ಸ್‌ರೇಗೆ ಕಾಣುವುದಿಲ್ಲ.

ಅಂದು ಮಧ್ಯಾಹ್ನ ಆಶಾ ಕಾರ್ಯಕರ್ತೆ ಬಂದಳು. ಹೆರಿಗೆಯ ನಂತರ ನಲವತ್ತೆರಡು ದಿನದೊಳಗೆ ಅವರು ಹಲವು ಸಲ ಮನೆಗೆ ಬರಬೇಕೆಂಬ ನಿಯಮವಿದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ ಬರುವ ಒಂಬತ್ತು ದೋಷಗಳ ಪಟ್ಟಿಯಿದೆ. ಸೀಳುತುಟಿ, ವಕ್ರಪಾದದ ಜೊತೆ ಸೊಂಟದ ಕೀಲಿನ ದೋಷವೂ ಅದರಲ್ಲಿದೆ. ಸೀಳುತುಟಿ ಕಣ್ಣಿಗೆ ಬೀಳುತ್ತದೆ. ಕೀಲು ಬೀಳುವುದಿಲ್ಲ; ಕೂಸಿಗೆ ನೋವೂ ಇರುವುದಿಲ್ಲ. ಇದನ್ನು ಹಿಂದೆ "ಜನ್ಮಜಾತ" ಎನ್ನುತ್ತಿದ್ದ ವೈದ್ಯರು ಈಗ "ಬೆಳವಣಿಗೆಯ ದೋಷ" ಎನ್ನುವುದಕ್ಕೂ ಕಾರಣವಿದೆ. ಹುಟ್ಟಿದಾಗ ಸರಿಯಿದ್ದಂತೆ ಕಂಡ ಕೀಲು ಆಮೇಲೆ ಜಾರಬಹುದು. ಆಸ್ಪತ್ರೆಯಲ್ಲಿ ಒಮ್ಮೆ ನೋಡಿ ಸರಿಯಿದೆ ಎಂದರೆಂದು ಅಲ್ಲಿಗೆ ಬಿಡುವಂತಿಲ್ಲ. ಆಶಾ ತನ್ನ ವಹಿಯಲ್ಲಿ ದಿನ ಬರೆದುಕೊಂಡಳು. ಅತ್ತೆ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಕುಂಕುಮದ ಬೊಟ್ಟು ಇಟ್ಟಳು.

ಸ್ಕ್ಯಾನಿನಲ್ಲಿ ಎಡಗಡೆಯ ಬಟ್ಟಲು ಆಳವಿಲ್ಲದ್ದು ಎಂದು ಬಂತು. ಗುಂಡು ಪೂರ್ತಿ ಹೊರಗೆ ಹೋಗಿರಲಿಲ್ಲ, ಅಂಚಿನಲ್ಲಿತ್ತು. ಅದೇ ವಾರ ಬೆಲ್ಟು ಹಾಕಿದರು.

ಶಿವರಾತ್ರಿಯ ಹೊತ್ತಿಗೆ ನಾನೊಬ್ಬನೇ ಮುಡಬಿಗೆ ಹೋದೆ. ಜೋಳ ತೆನೆ ಬಲಿತಿತ್ತು. ಪಡಸಾಲೆಯಲ್ಲಿ ಕೂಸು ಕಪ್ಪೆಯ ಹಾಗೆ ಎರಡೂ ತೊಡೆ ಮಡಿಚಿ ಅಗಲಿಸಿಕೊಂಡು ಮಲಗಿ ಕೈ ಆಡಿಸುತ್ತಿತ್ತು. ಬೆಲ್ಟಿನ ಪಟ್ಟಿಗಳ ಮೇಲೆ ಯಾರೋ ದೃಷ್ಟಿಯಾಗದಿರಲೆಂದು ಕಾಡಿಗೆ ಹಚ್ಚಿದ್ದರು. ಮೊದಲ ವಾರ ಓಣಿಯವರೆಲ್ಲ ನೋಡಲು ಬಂದು ಅಯ್ಯೋ ಅಂದರಂತೆ. ಕೂಸಿನ ತಾಯಿ ಒಂದು ರಾತ್ರಿ ಅತ್ತು ಬಿಚ್ಚಿಬಿಡುತ್ತೇನೆಂದಳಂತೆ. "ಬಿಚ್ಚಿದರ ನಿನ್ನ ಮಗಳಿಗಿ ನನ್ನ ಕೋಲ ಕೊಟ್ಟು ಸಾಯ್ತೀನಿ" ಎಂದು ಅತ್ತೆ ಹೆದರಿಸಿದ ಮೇಲೆ ಸುಮ್ಮನಾದಳಂತೆ. ಎರಡನೆಯ ಸ್ಕ್ಯಾನಿನಲ್ಲಿ ಬಟ್ಟಲು ಮೊದಲಿಗಿಂತ ಆಳವಾಗಿತ್ತು. ಇನ್ನೂ ಕೆಲವು ವಾರ ಹಾಕಬೇಕೆಂದಿದ್ದರು. ಅವಳು ನಡೆಯಲು ಕಲಿತ ಮೇಲೂ ತೋರಿಸುತ್ತಿರಬೇಕು.

ನಾವು ಚಹಾ ಕುಡಿಯುತ್ತಿದ್ದಾಗ ಕಬ್ಬಿನ ಲೋಡು ಏರಿಸುವಾಗ ಟೊಂಕ ಹಿಡಿದ ಒಬ್ಬ ನಡುಹರೆಯದವನು ಗೋಡೆ ಹಿಡಿದುಕೊಂಡು ಬಂದ. ಕೂಸಿನ ಕಾಲು ಸೋಕಿಸುವಿರಾ ಎಂದು ಕೇಳಿದ. ಬೆಲ್ಟಿನಲ್ಲಿದ್ದ ಕಾಲುಗಳನ್ನು ನೋಡಿ ಅವನೇ ಸುಮ್ಮನಾದ.

"ಅದರ ಕಾಲಿಗಿ ಈಗ ಬ್ಯಾರೆ ಕೆಲಸ ಅದ. ಬಾ ಇಲ್ಲಿ, ಬಗ್ಗು" ಅಂದಳು ಅತ್ತೆ.

ಇಷ್ಟು ವರ್ಷ ಅವಳು ಕೆಟ್ಟ ಎಡಗಾಲಿನ ಮೇಲೆ ನಿಂತು ಬಲಗಾಲಿನಿಂದ ಒದೆಯುತ್ತಿದ್ದಳು. ಬಲಗಾಲಿನ ಒದೆಗೇ ಗುಣವೆಂಬ ನಂಬಿಕೆ. ಈಗ ಕೋಲು ಊರಿ ಬಲಗಾಲಿನ ಮೇಲೆ ಗಟ್ಟಿಯಾಗಿ ನಿಂತು, ಎಡಗಾಲೆತ್ತಿ, ಅವನ ನಡುವಿಗೆ ಮೆತ್ತಗೆ ಮೂರು ಸಲ ಸೋಕಿಸಿದಳು. ಅವನು ಕೈಮುಗಿದು ಹೊರಟ.

"ಎಲ್ಲಿಗಿ ಹೊಂಟಿ? ಒದ್ದದ್ದು ಅರ್ಧ ಕೆಲಸ" ಎಂದು ಅತ್ತೆ ಪಡಸಾಲೆಗೆ ಚಾಪೆ ಹಾಸಿಸಿದಳು. "ಹೊಟ್ಟಿ ಮ್ಯಾಲ ಬೋರಲ ಮಲಕೋ. ಹತ್ತು ಮಿನಿಟ."

ಅವನು ಒಂದು ಕ್ಷಣ ನನ್ನ ಮುಖ ನೋಡಿ, ಟವೆಲ್ಲನ್ನು ತಲೆಗಿಂಬು ಮಾಡಿಕೊಂಡು, ಕೂಸಿನ ಪಕ್ಕದಲ್ಲಿ ಬೋರಲು ಮಲಗಿದ.